ಟ್ಯಾಲಿಯಿಂದ ಐಎಫ್‌ಆರ್‌ಎಸ್‌ಗೆ: ಡಿಪ್ಲೊಮಾ ಮಾಡಲಾ, ಕೆಲಸ ಬಿಡಲಾ?

ಪ್ರಶ್ನೆ: ನನಗೆ 29 ವರ್ಷ, ಊರು ದಾವಣಗೆರೆ. ಬಿಕಾಂ ಆಗಿದೆ. ಸಿಎ ಇಂಟರ್‌ನಲ್ಲಿ ಒಂದು ಗ್ರೂಪ್ ಪಾಸಾಗಿದ್ದೇನೆ, ಇನ್ನೊಂದು ಆಗಲೇ ಇಲ್ಲ. ಆರು ವರ್ಷದಿಂದ ಇಲ್ಲಿನ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಟಿಡಿಎಸ್, ಟ್ಯಾಕ್ಸ್ ಆಡಿಟ್ ಎಲ್ಲ ಗೊತ್ತು. ಬೆಂಗಳೂರಿನ ಎಂಎನ್‌ಸಿಗಳಿಗೆ ಅರ್ಜಿ ಹಾಕಿದರೆ ಐಎಫ್‌ಆರ್‌ಎಸ್ (ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡಗಳು) ಗೊತ್ತಾ ಅಂತ ಕೇಳುತ್ತಾರೆ. ಒಂದು ಕೋಚಿಂಗ್ ಸಂಸ್ಥೆಯವರು ಮೂರು ತಿಂಗಳಲ್ಲಿ ಡಿಪ್ಲೊಮಾ, ಕೆಲಸ ಗ್ಯಾರಂಟಿ ಅನ್ನುತ್ತಿದ್ದಾರೆ. ಐಎಫ್‌ಆರ್‌ಎಸ್ ಬೇರೆ, ಇಂಡ್ ಎಎಸ್ ಬೇರೆಯಾ? ಕೆಲಸ ಬಿಟ್ಟು ಓದಲಾ?

ಉತ್ತರ: ಕೆಲಸ ಬಿಡಬೇಡಿ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಐಎಫ್‌ಆರ್‌ಎಸ್ ಕಲಿಯಲು ಬೇಕಾದ ಮುಖ್ಯ ಸಾಮಗ್ರಿ ನಿಮ್ಮ ಆಫೀಸಿನ ಫೈಲುಗಳಲ್ಲೇ ಇದೆ. ಬಾಡಿಗೆ ಕರಾರು, ಬ್ಯಾಂಕಿನ ಸ್ಯಾಂಕ್ಷನ್ ಲೆಟರ್, ಡೀಲರ್‌ಶಿಪ್ ಒಪ್ಪಂದ, ಎಎಂಸಿ ಅನ್ನುವ ವಾರ್ಷಿಕ ನಿರ್ವಹಣೆಯ ಕಾಗದ. ಇಂಥ ಕಾಗದ ಓದಿ, ಲೆಕ್ಕ ಹೀಗೇ ಯಾಕೆ ಬರಬೇಕು ಅಂತ ಒಂದು ಪುಟ ಬರೆಯುವುದೇ ಐಎಫ್‌ಆರ್‌ಎಸ್‌ನ ನಿಜವಾದ ಕೆಲಸ. ಎಂಟ್ರಿ ಹಾಕುವುದು ಆಮೇಲೆ. ಮನೆಯಲ್ಲಿ ಕೂತು ಬರೀ ವಿಡಿಯೋ ನೋಡುವವರ ಕೈಗೆ ಈ ಕಾಗದಗಳು ಸಿಗುವುದಿಲ್ಲ.

ಈಗ ಐಎಫ್‌ಆರ್‌ಎಸ್, ಇಂಡ್ ಎಎಸ್ ವಿಷಯ. ಎರಡರ ಬೇರು ಒಂದೇ. ಲಂಡನ್ನಿನಲ್ಲಿರುವ ಐಎಎಸ್‌ಬಿ ಎಂಬ ಮಂಡಳಿ ಐಎಫ್‌ಆರ್‌ಎಸ್‌ಗಳನ್ನು ಬರೆಯುತ್ತದೆ. ಈ ಮಂಡಳಿ ಶುರುವಾದದ್ದು 2001ರಲ್ಲಿ. ಅದಕ್ಕೂ ಮುಂಚೆ, 1973ರಿಂದ ಇದ್ದ ಸಮಿತಿ ಬರೆದ ಮಾನದಂಡಗಳಿಗೆ ಐಎಎಸ್ ಅಂತ ಹೆಸರು. ಹಳೆಯವು ಕೆಲವು ಇನ್ನೂ ಜಾರಿಯಲ್ಲಿವೆ. ಹಾಗಾಗಿ ಐಎಎಸ್ 16 ಅಂತಲೂ ಉಂಟು, ಐಎಫ್‌ಆರ್‌ಎಸ್ 16 ಅಂತಲೂ ಉಂಟು. ಮೊದಲನೆಯದು ಕಟ್ಟಡ, ಯಂತ್ರಗಳಂಥ ಸ್ಥಿರಾಸ್ತಿಗೆ, ಎರಡನೆಯದು ಲೀಸಿಗೆ. ಹೊಸಬರು ಇಂಟರ್‌ವ್ಯೂನಲ್ಲಿ ಇಲ್ಲೇ ಎಡವುತ್ತಾರೆ.

ಭಾರತ ಇವನ್ನು ಇದ್ದ ಹಾಗೇ ತೆಗೆದುಕೊಳ್ಳಲಿಲ್ಲ. ಅಲ್ಲಲ್ಲಿ ತಿದ್ದಿ, ಇಂಡ್ ಎಎಸ್ ಅಂತ ಹೆಸರಿಟ್ಟು, 2015ರ ಫೆಬ್ರವರಿಯಲ್ಲಿ ಕಂಪನಿ ಕಾಯ್ದೆಯ ಕೆಳಗೆ ನಿಯಮ ಮಾಡಿತು. ನಂಬರು ನೆನಪಿಟ್ಟುಕೊಳ್ಳುವುದು ಸುಲಭ. ಐಎಎಸ್‌ನ ನಂಬರು ಹಾಗೇ ಇದೆ, ಐಎಫ್‌ಆರ್‌ಎಸ್‌ನ ನಂಬರಿಗೆ 100 ಸೇರಿಸಿದ್ದಾರೆ. ಐಎಎಸ್ 16 ಇಲ್ಲಿ ಇಂಡ್ ಎಎಸ್ 16. ಐಎಫ್‌ಆರ್‌ಎಸ್ 16 ಇಲ್ಲಿ ಇಂಡ್ ಎಎಸ್ 116.

ನಿಮ್ಮ ಆಫೀಸಿನಲ್ಲಿ ಇದು ಕಾಣದೇ ಇರುವುದಕ್ಕೆ ಕಾರಣ ಇದೆ. 2016ರ ಏಪ್ರಿಲ್ 1ರಿಂದ ನೆಟ್‌ವರ್ತ್ 500 ಕೋಟಿ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಂಪನಿಗಳಿಗೆ ಇಂಡ್ ಎಎಸ್ ಕಡ್ಡಾಯವಾಯಿತು. ಮರುವರ್ಷದಿಂದ ಎಸ್‌ಎಂಇ ಎಕ್ಸ್‌ಚೇಂಜ್ (ಚಿಕ್ಕ, ಮಧ್ಯಮ ಕಂಪನಿಗಳ ಷೇರುಪೇಟೆ) ಬಿಟ್ಟು ಉಳಿದ ಎಲ್ಲ ಲಿಸ್ಟೆಡ್ ಕಂಪನಿಗಳಿಗೆ, ಜೊತೆಗೆ 250 ಕೋಟಿ ದಾಟಿದ ಅನ್‌ಲಿಸ್ಟೆಡ್ ಕಂಪನಿಗಳಿಗೆ ಬಂತು. ಪಾರ್ಟ್‌ನರ್‌ಶಿಪ್ ಫರ್ಮು, ಪ್ರೊಪ್ರೈಟರಿ ಅಂಗಡಿ, ಚಿಕ್ಕ ಪ್ರೈವೇಟ್ ಲಿಮಿಟೆಡ್‌ಗಳೆಲ್ಲ ಎಎಸ್ ಎಂಬ ಹಳೆಯ ಭಾರತೀಯ ಮಾನದಂಡಗಳಲ್ಲೇ ಇವೆ. ಆದರೆ ಒಂದು ಮಾತು ಗಮನದಲ್ಲಿರಲಿ. ಇಂಡ್ ಎಎಸ್ ಅನ್ವಯವಾಗುವ ಕಂಪನಿಯ ಸಬ್ಸಿಡಿಯರಿ ಎಷ್ಟೇ ಚಿಕ್ಕದಿದ್ದರೂ ಅದಕ್ಕೂ ಇಂಡ್ ಎಎಸ್ಸೇ. ನಿಮ್ಮ ಕ್ಲೈಂಟ್ ಪಟ್ಟಿಯಲ್ಲಿ ಅಂಥದ್ದೊಂದು ಇದೆಯಾ ಅಂತ ನೋಡಿ. ಇದ್ದರೆ ಆ ಫೈಲನ್ನು ಕೇಳಿ ಪಡೆಯಿರಿ. ಬ್ಯಾಂಕುಗಳ ಕಥೆ ಬೇರೆ: ರಿಸರ್ವ್ ಬ್ಯಾಂಕ್ 2019ರ ಮಾರ್ಚ್‌ನಲ್ಲಿ ಇಂಡ್ ಎಎಸ್ಸನ್ನು ಮುಂದಿನ ಆದೇಶದ ತನಕ ಮುಂದೂಡಿತು.

ಎರಡರ ನಡುವಿನ ವ್ಯತ್ಯಾಸಗಳು ತುಂಬ ಇಲ್ಲ, ಆದರೆ ಇರುವವು ಚುರುಕಾಗಿವೆ. ಬಾಡಿಗೆಗೆಂದು ಇಟ್ಟುಕೊಂಡ ಕಟ್ಟಡವನ್ನು ಐಎಎಸ್ 40ರಲ್ಲಿ ಮಾರುಕಟ್ಟೆ ಬೆಲೆಗೆ ತೋರಿಸಬಹುದು. ನಮ್ಮಲ್ಲಿ ಖರೀದಿ ಬೆಲೆಯ ಲೆಕ್ಕವೇ ಆಗಬೇಕು, ಮಾರುಕಟ್ಟೆ ಬೆಲೆ ನೋಟ್ಸ್‌ಗೆ ಹೋಗುತ್ತದೆ. ಒಂದು ವ್ಯವಹಾರವನ್ನು ಅಗ್ಗಕ್ಕೆ ಕೊಂಡರೆ ಆ ಲಾಭ ಐಎಫ್‌ಆರ್‌ಎಸ್‌ನಲ್ಲಿ ನೇರ ಲಾಭ-ನಷ್ಟಕ್ಕೆ ಬರುತ್ತದೆ. ಇಲ್ಲಿ ಅದು ಕ್ಯಾಪಿಟಲ್ ರಿಸರ್ವ್, ಅಂದರೆ ವರ್ಷದ ಲಾಭಕ್ಕೆ ಸೇರದ ಮೀಸಲು. ಸಾಲದ ಷರತ್ತು ಮುರಿದ ಕಂಪನಿಗೆ ಮಾರ್ಚ್ 31 ಆದಮೇಲೆ, ಲೆಕ್ಕಪತ್ರಕ್ಕೆ ಸಹಿ ಬೀಳುವ ಮುಂಚೆ ಬ್ಯಾಂಕು ವಿನಾಯಿತಿ ಕೊಟ್ಟರೆ, 2025ರ ತಿದ್ದುಪಡಿಗೆ ಮುಂಚೆ ಇಲ್ಲಿ ಆ ಸಾಲವನ್ನು ದೀರ್ಘಾವಧಿಯದು ಅಂತಲೇ ತೋರಿಸಬಹುದಿತ್ತು. ಐಎಫ್‌ಆರ್‌ಎಸ್‌ನಲ್ಲಿ ಆಗುವುದಿಲ್ಲ. ಈ ಕೊನೆಯದು ಯಾರ ಅನುಕೂಲಕ್ಕೆ ಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಇದನ್ನು ಬಾಯಿಪಾಠ ಮಾಡುವ ಬದಲು ಒಂದು ಸಂಜೆ ಹೀಗೆ ಮಾಡಿ. ಇನ್ಫೋಸಿಸ್ ಅಮೆರಿಕದಲ್ಲೂ ಲಿಸ್ಟ್ ಆಗಿರುವುದರಿಂದ ಐಎಫ್‌ಆರ್‌ಎಸ್ ಲೆಕ್ಕವನ್ನೂ ಪ್ರಕಟಿಸುತ್ತದೆ, ಇಂಡ್ ಎಎಸ್ ಲೆಕ್ಕವನ್ನೂ ಪ್ರಕಟಿಸುತ್ತದೆ. ಎರಡೂ ಅದರ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಒಂದೇ ವರ್ಷದ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಐಎಫ್‌ಆರ್‌ಎಸ್ ಲೆಕ್ಕದಲ್ಲಿ ಕಾಸ್ಟ್ ಆಫ್ ಸೇಲ್ಸ್, ಗ್ರಾಸ್ ಪ್ರಾಫಿಟ್, ಮಾರಾಟದ ಖರ್ಚು, ಆಡಳಿತದ ಖರ್ಚು ಅಂತ ಸಾಲುಗಳಿವೆ. ಇಂಡ್ ಎಎಸ್ ಲೆಕ್ಕದಲ್ಲಿ ಸಿಬ್ಬಂದಿ ವೆಚ್ಚ, ಸಬ್‌ಕಾಂಟ್ರ್ಯಾಕ್ಟರ್ ವೆಚ್ಚ, ಪ್ರಯಾಣ, ಡಿಪ್ರಿಸಿಯೇಷನ್ ಅಂತ ಇವೆ. ಖರ್ಚನ್ನು ಅದರ ಸ್ವಭಾವದ ಪ್ರಕಾರವೇ ತೋರಿಸಬೇಕು ಅಂತ ಇಂಡ್ ಎಎಸ್ 1 ಹೇಳುತ್ತದೆ. ಐಎಎಸ್ 1 ಖರ್ಚಿನ ಸ್ವಭಾವ, ಖರ್ಚಿನ ಉದ್ದೇಶ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ. ಕಂಪನಿ ಒಂದೇ, ವ್ಯಾಪಾರ ಒಂದೇ, ಆದರೆ ಒಂದರಲ್ಲಿ ಗ್ರಾಸ್ ಪ್ರಾಫಿಟ್ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದೇ ಇಲ್ಲ. ಕ್ಲಾಸಿನಲ್ಲಿ ಕೇಳಿದ್ದಕ್ಕಿಂತ ಇದು ಚೆನ್ನಾಗಿ ತಲೆಯಲ್ಲಿ ಕೂರುತ್ತದೆ.

ಅರ್ಜಿ ಹಾಕುವ ಮುಂಚೆ ಇನ್ನೊಂದು ವಿಷಯ ತಿಳಿದಿರಬೇಕು. ಬೆಂಗಳೂರಿನ ಎಂಎನ್‌ಸಿಗಳೆಲ್ಲ ಐಎಫ್‌ಆರ್‌ಎಸ್ ಬಳಸುವುದಿಲ್ಲ. ಮೂಲ ಕಂಪನಿ ಅಮೆರಿಕದ್ದಾದರೆ ಅಲ್ಲಿಗೆ ಹೋಗುವ ಲೆಕ್ಕ ಯುಎಸ್ ಗ್ಯಾಪ್ ಎಂಬ ಅಮೆರಿಕದ್ದೇ ಆದ ಲೆಕ್ಕದ ನಿಯಮಗಳಲ್ಲಿರುತ್ತದೆ. ಯುರೋಪ್, ಬ್ರಿಟನ್, ಆಸ್ಟ್ರೇಲಿಯಾದ ಗುಂಪುಗಳಾದರೆ ಸಾಮಾನ್ಯವಾಗಿ ಐಎಫ್‌ಆರ್‌ಎಸ್. ಯುರೋಪಿಯನ್ ಯೂನಿಯನ್‌ನ ಲಿಸ್ಟೆಡ್ ಗುಂಪುಗಳಿಗೆ ಇದು 2005ರಿಂದಲೇ ಕಡ್ಡಾಯ. ಆದಾಯದ ಮಾನದಂಡ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಅಲ್ಲಿ ಕಲಿತದ್ದು ಇಲ್ಲೂ ಬರುತ್ತದೆ. ಲೀಸ್, ಇಂಪೇರ್‌ಮೆಂಟ್ (ಆಸ್ತಿಯ ಬೆಲೆ ಕುಸಿತ), ಉತ್ಪನ್ನ ಅಭಿವೃದ್ಧಿಯ ಖರ್ಚು, ಇವುಗಳಲ್ಲಿ ದಾರಿ ಬೇರೆಯಾಗುತ್ತದೆ. ಹಾಗಾಗಿ ಜಾಹೀರಾತು ನೋಡಿದ ತಕ್ಷಣ ಕಂಪನಿಯ ತಾಯ್ನಾಡು ಯಾವುದು ಅಂತ ನೋಡಿ. ಇನ್ನು, ಆರ್‌2ಆರ್ (ರೆಕಾರ್ಡ್ ಟು ರಿಪೋರ್ಟ್) ಅಂತ ಕರೆಯುವ ಆರಂಭದ ಹುದ್ದೆಗಳಲ್ಲಿ ಮಂತ್ ಎಂಡ್ ಕ್ಲೋಸಿಂಗ್, ರಿಕನ್ಸಿಲಿಯೇಷನ್, ಇಂಟರ್‌ಕಂಪನಿ ಹೊಂದಾಣಿಕೆ ಇವೇ ಮುಖ್ಯ. ಅದಕ್ಕೆ ನಿಮ್ಮ ಆರು ವರ್ಷದ ಅನುಭವ ಸುಮ್ನೆ ಹೋಗುವುದಿಲ್ಲ. ಮೊದಲ ದಿನವೇ ಯಾರೂ ನಿಮ್ಮನ್ನು ಟೆಕ್ನಿಕಲ್ ಅಕೌಂಟಿಂಗ್ ಟೀಮಿನಲ್ಲಿ ಕೂರಿಸುವುದಿಲ್ಲ. ಕೋಚಿಂಗ್‌ನವರು ಹೇಳದೇ ಬಿಡುವ ಮಾತು ಇದು.

ಈಗ ಒಂದು ಕಾಗದವನ್ನು ಬಿಡಿಸಿ ನೋಡೋಣ. ನಿಮಗೆ ಚೆನ್ನಾಗಿ ಗೊತ್ತಿರುವ 11 ತಿಂಗಳ ಬಾಡಿಗೆ ಕರಾರನ್ನೇ ತೆಗೆದುಕೊಳ್ಳಿ. ಒಂದು ವರ್ಷ ಮೀರಿದ ಲೀಸನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದನ್ನು ತಪ್ಪಿಸಲು 11 ತಿಂಗಳು. ಹಳೆಯ ಎಎಸ್ 19ರಲ್ಲಿ ಯೋಚನೆ ಮಾಡುವುದೇನೂ ಇಲ್ಲ. ಬಾಡಿಗೆಯನ್ನು ಖರ್ಚಿಗೆ ಬರೆದರೆ ಮುಗಿಯಿತು. ಇಂಡ್ ಎಎಸ್ 116 ಬಂದಮೇಲೆ ಎಲ್ಲ ಲೀಸೂ ಬ್ಯಾಲೆನ್ಸ್ ಶೀಟಿಗೆ ಬರಬೇಕು. 12 ತಿಂಗಳು ಅಥವಾ ಅದಕ್ಕಿಂತ ಕಮ್ಮಿ ಅವಧಿಯವಕ್ಕೆ, ಕಡಿಮೆ ಬೆಲೆಯ ವಸ್ತುಗಳಿಗೆ ವಿನಾಯಿತಿ ಉಂಟು. 11 ಅಂದರೆ 12ಕ್ಕಿಂತ ಕಮ್ಮಿ, ಆದ್ದರಿಂದ ವಿನಾಯಿತಿ. ಬಹಳ ಜನ ಇಲ್ಲಿಗೇ ಪುಟ ಮುಚ್ಚಿಬಿಡುತ್ತಾರೆ.

ಕರಾರನ್ನು ಪೂರ್ತಿ ಓದಿ. ಬಾಡಿಗೆದಾರ ಬಯಸಿದರೆ ಅದೇ ಬಾಡಿಗೆಗೆ ಮತ್ತೆ ಮತ್ತೆ ನವೀಕರಿಸಿ ಸುಮಾರು ಐದು ವರ್ಷದ ತನಕ ಮುಂದುವರಿಯಬಹುದು ಅಂತ ಒಂದು ಕಲಂ ಇದೆ ಅನ್ನೋಣ. ಬಾಡಿಗೆದಾರ ಅಲ್ಲಿ 40 ಲಕ್ಷ ಖರ್ಚು ಮಾಡಿ ಶೋರೂಮ್ ಮಾಡಿದ್ದಾನೆ. 11 ತಿಂಗಳಿಗೆ ಬಿಟ್ಟು ಹೋಗುತ್ತಾನಾ? ಇಲ್ಲ. ನವೀಕರಿಸುವುದು ಬಹುಪಾಲು ಖಚಿತವಾಗಿದ್ದರೆ ಆ ಅವಧಿಯನ್ನೂ ಲೀಸ್ ಅವಧಿಗೆ ಸೇರಿಸಬೇಕು. ಆಗ ಇದು ಐದು ವರ್ಷದ ಲೀಸು, ವಿನಾಯಿತಿ ಹೋಯಿತು.

ಸರಿ, ಆ ಕಲಂ ಇಲ್ಲದಿದ್ದರೆ? ಆಗ ಪ್ರಶ್ನೆ ಸೂಕ್ಷ್ಮವಾಗುತ್ತದೆ. ಎರಡೂ ಕಡೆಯವರು ಇನ್ನೊಬ್ಬರ ಒಪ್ಪಿಗೆ ಇಲ್ಲದೆ, ಹೇಳಿಕೊಳ್ಳುವಂಥ ನಷ್ಟವಿಲ್ಲದೆ ಕರಾರು ಮುರಿಯಬಹುದಾದರೆ ಮಾತ್ರ ಲೀಸು ಅಲ್ಲಿಗೆ ಮುಗಿಯಿತು ಅಂತ ಮಾನದಂಡ ಹೇಳುತ್ತದೆ. ಈ ನಷ್ಟ ಅಂದರೆ ಕರಾರಿನಲ್ಲಿ ಬರೆದ ದಂಡದ ಮೊತ್ತ ಮಾತ್ರವಲ್ಲ, ವ್ಯವಹಾರದ ಒಟ್ಟು ಪರಿಣಾಮ ನೋಡಬೇಕು ಅಂತ ಐಎಫ್‌ಆರ್‌ಎಸ್‌ನ ವ್ಯಾಖ್ಯಾನ ಸಮಿತಿ 2019ರ ನವೆಂಬರ್‌ನಲ್ಲಿ ಸ್ಪಷ್ಟ ಮಾಡಿತು. ಹಾಗಂತ ಒಳಾಂಗಣಕ್ಕೆ ಹಣ ಸುರಿದ ಮಾತ್ರಕ್ಕೆ ಬಾಡಿಗೆದಾರನಿಗೆ ಮುಂದುವರಿಯುವ ಹಕ್ಕು ಹುಟ್ಟುವುದಿಲ್ಲ. ಅವಧಿ ಮುಗಿದ ದಿನ ಮಾಲೀಕ ಹೊರಡಿ ಅನ್ನಬಹುದಾ, ಅಂದರೆ ಅವನಿಗೇನು ನಷ್ಟ, ಅದನ್ನೂ ಕೇಳಬೇಕು. ಹಾಗೇ, ಲೀಸು 11 ತಿಂಗಳು ಅಂತ ತೀರ್ಮಾನಿಸಿ ಅದೇ ಕಟ್ಟಡದ ಒಳಾಂಗಣಕ್ಕೆ ಹತ್ತು ವರ್ಷದ ಡಿಪ್ರಿಸಿಯೇಷನ್ ಹಾಕಿದರೆ ಆಡಿಟರು ಸುಮ್ಮನೆ ಬಿಡುವುದಿಲ್ಲ. ಎರಡು ಅವಧಿಗಳೂ ಒಂದಕ್ಕೊಂದು ಹೊಂದಬೇಕು.

ಲೆಕ್ಕ ಹಾಕಿ ನೋಡೋಣ. ಐದು ವರ್ಷ, ವರ್ಷಕ್ಕೆ 10 ಲಕ್ಷ ಬಾಡಿಗೆ, ಸುಲಭವಾಗಲಿ ಅಂತ ವರ್ಷದ ಕೊನೆಗೆ ಪಾವತಿ, ಸಾಲದ ಬಡ್ಡಿ ದರ ಶೇ. 10 ಅನ್ನೋಣ. ಐದೂ ವರ್ಷದ ಬಾಡಿಗೆಯ ಇವತ್ತಿನ ಬೆಲೆ 37.91 ಲಕ್ಷ. ಇಷ್ಟು ಸಾಲ, ಇಷ್ಟೇ ಆಸ್ತಿ ಬ್ಯಾಲೆನ್ಸ್ ಶೀಟಿಗೆ ಬರುತ್ತದೆ. ಮೊದಲ ವರ್ಷ ಡಿಪ್ರಿಸಿಯೇಷನ್ 7.58 ಲಕ್ಷ, ಬಡ್ಡಿ 3.79 ಲಕ್ಷ, ಒಟ್ಟು 11.37 ಲಕ್ಷ. ಕೈಯಿಂದ ಹೋದದ್ದು 10 ಲಕ್ಷವೇ. ಐದನೇ ವರ್ಷಕ್ಕೆ ಬಡ್ಡಿ 91 ಸಾವಿರಕ್ಕೆ ಇಳಿದು ಒಟ್ಟು ಖರ್ಚು 8.49 ಲಕ್ಷವಾಗುತ್ತದೆ. ಐದೂ ವರ್ಷ ಕೂಡಿದರೆ ಅದೇ 50 ಲಕ್ಷ. ಬಾಡಿಗೆ ಎಂಬ ಸಾಲೇ ಮಾಯವಾದ್ದರಿಂದ ಎಬಿಟ್ಡಾ (ಬಡ್ಡಿ, ತೆರಿಗೆ, ಡಿಪ್ರಿಸಿಯೇಷನ್ ಕಳೆಯುವ ಮುಂಚಿನ ಲಾಭ) ವರ್ಷಕ್ಕೆ 10 ಲಕ್ಷ ಏರುತ್ತದೆ, ಇತ್ತ ಸಾಲದ ಅನುಪಾತ ಕೆಡುತ್ತದೆ. ಬ್ಯಾಂಕಿನ ಷರತ್ತು ಈ ಅನುಪಾತದ ಮೇಲೇ ನಿಂತಿದ್ದರೆ ಅದು ಎಂಡಿ ತನಕ ಹೋಗುವ ವಿಷಯ.

ಅಡ್ವಾನ್ಸ್ ಬಿಟ್ಟೆವು ನೋಡಿ. ಬೆಂಗಳೂರಿನ ಕಡೆ ತಿಂಗಳುಗಟ್ಟಲೆ ಬಾಡಿಗೆಯನ್ನು ಬಡ್ಡಿಯಿಲ್ಲದೆ ಡಿಪಾಸಿಟ್ ಇಡುತ್ತಾರೆ. 6 ಲಕ್ಷ ಕೊಟ್ಟು ಐದು ವರ್ಷಕ್ಕೆ ವಾಪಸ್ ಅಂದರೆ, ಅದೇ ಶೇ. 10ರ ದರದಲ್ಲಿ ಅದರ ಇವತ್ತಿನ ಬೆಲೆ 3.73 ಲಕ್ಷ. ಉಳಿದ 2.27 ಲಕ್ಷ ಮುಂಚೆಯೇ ಕೊಟ್ಟ ಬಾಡಿಗೆ ಇದ್ದ ಹಾಗೆ, ಲೀಸ್ ಆಸ್ತಿಗೆ ಸೇರುತ್ತದೆ. ಇಲ್ಲಿ ಸಾಲ, ಡಿಪಾಸಿಟ್‌ಗಳಂಥವಕ್ಕೆ ಇರುವ ಇಂಡ್ ಎಎಸ್ 109 ಒಳಗೆ ಬಂತು. ಒಂದೇ ಬಾಡಿಗೆ ಕಾಗದದಲ್ಲಿ ಎರಡು ಮಾನದಂಡ, ಮೂರು ತೀರ್ಮಾನ. ನಿಮ್ಮ ನೋಟು ಬರೆಯಬೇಕಾದದ್ದು ಈ ತೀರ್ಮಾನಗಳ ಬಗ್ಗೆ. 37.91 ಲಕ್ಷವನ್ನು ಎಕ್ಸೆಲ್ ತಾನಾಗಿ ಕೊಡುತ್ತದೆ.

ಇದೇ ರೀತಿ ಡೀಲರ್ ಬಿಲ್ಲೊಂದನ್ನು ನೋಡಿ. 6 ಲಕ್ಷದ ಯಂತ್ರ, ಜೊತೆಗೆ ಮೂರು ವರ್ಷ ಉಚಿತ ಸರ್ವಿಸ್. ಯಂತ್ರವನ್ನೇ ಮಾರಿದರೆ 5.60 ಲಕ್ಷ, ಸರ್ವಿಸ್ಸನ್ನೇ ಮಾರಿದರೆ 80 ಸಾವಿರ. ಆದಾಯದ ಮಾನದಂಡವಾದ ಇಂಡ್ ಎಎಸ್ 115ರಲ್ಲಿ ಉಚಿತ ಎಂಬುದು ಇಲ್ಲ. 6 ಲಕ್ಷವನ್ನು ಆ ಅನುಪಾತದಲ್ಲಿ ಹಂಚಿದರೆ ಯಂತ್ರಕ್ಕೆ 5.25 ಲಕ್ಷ ಇವತ್ತು, ಸರ್ವಿಸ್ಸಿಗೆ 75 ಸಾವಿರ ಮೂರು ವರ್ಷದಲ್ಲಿ. ಮಾಲಿನ ದೋಷಕ್ಕೆ ಕೊಡುವ ಮಾಮೂಲಿ ವಾರಂಟಿ ಮಾತ್ರ ಹೀಗೆ ಹಂಚಿಕೆಗೆ ಬರುವುದಿಲ್ಲ, ಅದಕ್ಕೆ ಪ್ರಾವಿಷನ್, ಅಂದರೆ ಮುಂದೆ ಬರುವ ಖರ್ಚಿಗೆ ಈಗಲೇ ತೆಗೆದಿಡುವ ಮೊತ್ತ. ಇದು ಸರ್ವಿಸ್ಸಾ, ವಾರಂಟಿಯಾ? ಮತ್ತೆ ಕಾಗದಕ್ಕೇ ಹೋಗಬೇಕು.

ಕ್ಲೈಂಟ್ ಕಾಗದಗಳನ್ನು ಆಫೀಸಿನಿಂದ ಹೊರಗೆ ಒಯ್ಯಬೇಡಿ, ಫೋಟೋ ತೆಗೆಯಬೇಡಿ. ಆಡಿಟರ್ ಸಾಹೇಬರನ್ನು ಕೇಳಿ, ಹೆಸರು, ಊರು, ಅಂಕಿ ಬದಲಿಸಿ ನೋಟು ಬರೆಯಿರಿ.

ಪರೀಕ್ಷೆಗಳ ವಿಷಯಕ್ಕೆ ಬರುತ್ತೇನೆ. ಭಾರತದ ಸಿಎ ಸಂಸ್ಥೆಯಾದ ಐಸಿಎಐ ನಡೆಸುವ ಇಂಡ್ ಎಎಸ್ ಸರ್ಟಿಫಿಕೇಟ್ ಕೋರ್ಸು ಸಿಎ ಸದಸ್ಯರಿಗಾಗಿ ಇರುವುದು. ನಿಮಗೆ ಹೊಂದುವುದು ಬ್ರಿಟನ್ನಿನ ಅಕೌಂಟೆಂಟರ ಸಂಸ್ಥೆ ಎಸಿಸಿಎ ನಡೆಸುವ ಐಎಫ್‌ಆರ್‌ಎಸ್ ಡಿಪ್ಲೊಮಾ, ಡಿಪ್‌ಐಎಫ್‌ಆರ್. ಸಂಬಂಧಪಟ್ಟ ಪದವಿ, ಜೊತೆಗೆ ಎರಡು ವರ್ಷದ ಲೆಕ್ಕಪತ್ರದ ಅನುಭವ ಇದ್ದರೆ ಸೇರಬಹುದು. ನಿಮಗೆ ಎರಡೂ ಇವೆ, ಆಫೀಸಿನಿಂದ ಅನುಭವ ಪತ್ರ ಬೇಕಾಗುತ್ತದೆ. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ. ಮೂರೂಕಾಲು ಗಂಟೆ, ತಲಾ 25 ಅಂಕದ ನಾಲ್ಕು ಪ್ರಶ್ನೆ, ಆಯ್ಕೆ ಇಲ್ಲ, 50 ಬಂದರೆ ಪಾಸು. ಮೊದಲ ಪ್ರಶ್ನೆ ಗುಂಪಿನ ಕಂಪನಿಗಳ ಲೆಕ್ಕ ಒಟ್ಟುಗೂಡಿಸುವುದು. ಉಳಿದವುಗಳಲ್ಲಿ ಲೆಕ್ಕಕ್ಕಿಂತ ವಿವರಣೆ ಜಾಸ್ತಿ. ಟ್ಯಾಲಿಯಲ್ಲಿ ಪಳಗಿದವರು ಫೇಲಾಗುವುದು ಅಲ್ಲೇ. ಉತ್ತರ ಗೊತ್ತಿರುತ್ತದೆ, ಕಾರಣ ಬರೆಯಲು ಕೈ ಓಡುವುದಿಲ್ಲ. ಹಣ ಕಟ್ಟುವ ಮುಂಚೆ ಈಗಿನ ಶುಲ್ಕ, ನಿಯಮಗಳನ್ನು ಎಸಿಸಿಎ ಜಾಲತಾಣದಲ್ಲೇ ನೋಡಿ, ಏಜೆಂಟರ ಬಾಯಲ್ಲಿ ಕೇಳಬೇಡಿ. ಇದು ಪಾಸಾದರೆ ನೀವು ಎಸಿಸಿಎ ಸದಸ್ಯೆ ಆಗುವುದಿಲ್ಲ, ಆಡಿಟ್ ರಿಪೋರ್ಟಿಗೆ ಸಹಿ ಹಾಕುವ ಹಕ್ಕೂ ಬರುವುದಿಲ್ಲ. ಒಂದು ವಿಷಯದಲ್ಲಿ ಹಿಡಿತ ಇದೆ ಅಂತ ತೋರಿಸುವ ಕಾಗದ, ಅಷ್ಟೇ.

ಮೂರು ತಿಂಗಳಲ್ಲಿ ಆಗುತ್ತದಾ? ಸಿಎ ಫೈನಲ್ ಓದಿದವರಿಗೆ ಆಗಬಹುದು, ಅವರು ಇಂಡ್ ಎಎಸ್ ಆಗಲೇ ಓದಿರುತ್ತಾರೆ. ಕೆಲಸ ಮಾಡುತ್ತ ಓದುವ ನಿಮಗೆ ಆರೇಳು ತಿಂಗಳು ಇಟ್ಟುಕೊಳ್ಳಿ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಟ್ಯಾಕ್ಸ್ ಆಡಿಟ್ ಗಲಾಟೆ ಇರುವುದರಿಂದ ಡಿಸೆಂಬರ್‌ಗಿಂತ ಜೂನ್ ನಿಮಗೆ ಅನುಕೂಲ. ಕೆಲಸ ಗ್ಯಾರಂಟಿ ಅನ್ನುವವರನ್ನು ಒಂದೇ ಪ್ರಶ್ನೆ ಕೇಳಿ: ಕೆಲಸ ಸಿಗದಿದ್ದರೆ ಫೀಸು ವಾಪಸ್ ಕೊಡುವುದಾಗಿ ಬರೆದುಕೊಡುತ್ತೀರಾ? ಸಿಎ ಇಂಟರ್‌ನ ಇನ್ನೊಂದು ಗ್ರೂಪಿನ ಆಸೆ ಇನ್ನೂ ಇದ್ದರೆ ಅದನ್ನು ಬೇರೆಯಾಗಿ ಯೋಚಿಸಿ. ಅದಾದ ಮೇಲೂ ಎರಡು ವರ್ಷದ ಆರ್ಟಿಕಲ್‌ಶಿಪ್, ಫೈನಲ್ ಇವೆ. ಎರಡನ್ನೂ ಒಂದೇ ಆರು ತಿಂಗಳಲ್ಲಿ ಹಚ್ಚಿಕೊಳ್ಳಬೇಡಿ.

ಓದುವ ಸಾಮಗ್ರಿಗೆ ಹಣ ಬೇಕಾಗಿಲ್ಲ. ಇಂಡ್ ಎಎಸ್‌ಗಳ ಪೂರ್ತಿ ಪಠ್ಯ ಕಂಪನಿ ವ್ಯವಹಾರ ಸಚಿವಾಲಯದ ಜಾಲತಾಣದಲ್ಲಿದೆ. ಐಸಿಎಐ ಹಲವು ಮಾನದಂಡಗಳಿಗೆ ಪ್ರಶ್ನೋತ್ತರ ರೂಪದ ಕೈಪಿಡಿಗಳನ್ನು ಪುಕ್ಕಟೆ ಕೊಡುತ್ತದೆ, ಉದಾಹರಣೆಗಳು ನಮ್ಮ ದೇಶದವೇ. ಸ್ಥಿರಾಸ್ತಿ, ಸ್ಟಾಕು, ಪ್ರಾವಿಷನ್‌ನಿಂದ ಶುರು ಮಾಡಿ, ಅವು ಹಳೆಯ ಎಎಸ್‌ಗೆ ಹತ್ತಿರ. ಆಮೇಲೆ 115, 116. ಡಿಫರ್ಡ್ ಟ್ಯಾಕ್ಸ್ (ಮುಂದಿನ ವರ್ಷಗಳಿಗೆ ಸರಿಯುವ ತೆರಿಗೆಯ ಲೆಕ್ಕ) ನಿಮಗೆ ಕಷ್ಟ ಆಗಲಾರದು, ಟ್ಯಾಕ್ಸ್ ಆಡಿಟ್ ಮಾಡಿದ ಕೈ. 109 ಮತ್ತು ಗುಂಪಿನ ಲೆಕ್ಕ ಕೊನೆಗೆ. ಇಂಗ್ಲಿಷ್ ಬಿಗಿಯಾಗಿರುತ್ತದೆ, ಮೊದಲು ಉದಾಹರಣೆ ಓದಿ ಆಮೇಲೆ ಪ್ಯಾರಾಕ್ಕೆ ಬನ್ನಿ. ಅರ್ಥವಾದದ್ದನ್ನು ಪಕ್ಕದ ಟೇಬಲ್ಲಿನವರಿಗೆ ಕನ್ನಡದಲ್ಲೇ ಹೇಳಿ ನೋಡಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಇನ್ನೂ ಅರ್ಥವಾಗಿಲ್ಲ.

ಒಮ್ಮೆ ಕಲಿತು ಮುಗಿಸುವ ವಿಷಯವೂ ಇದಲ್ಲ. ಪ್ರಾಕ್ಟೀಸಿನಲ್ಲಿರುವ 60 ವರ್ಷದೊಳಗಿನ ಸಿಎಗಳು ಮೂರು ವರ್ಷಕ್ಕೆ 120 ಸಿಪಿಇ (ವೃತ್ತಿಯ ಮುಂದುವರಿದ ಕಲಿಕೆ) ಗಂಟೆ ಕಲಿಯಬೇಕು. ಎಸಿಸಿಎ ಸದಸ್ಯರಿಗೆ ವರ್ಷಕ್ಕೆ 40 ಯೂನಿಟ್, ಅದರಲ್ಲಿ 21ಕ್ಕೆ ಪುರಾವೆ ಇರಬೇಕು. ಹಾಜರಿಗೆ ಸಹಿ ಹಾಕಿ ಊಟ ಮಾಡಿ ಎದ್ದು ಬರುವವರನ್ನು ನೀವೂ ನೋಡಿರುತ್ತೀರಿ. ಗಂಟೆಗಳ ಬದಲು ಏನು ಮಾಡಲು ಬಂತು ಅಂತ ಅಳೆಯಲು ಅಂತರರಾಷ್ಟ್ರೀಯ ಶಿಕ್ಷಣ ಮಾನದಂಡ ಐಇಎಸ್ 7 ಕೂಡ ಅವಕಾಶ ಕೊಡುತ್ತದೆ. ನಿಮಗೆ ಈ ಕಡ್ಡಾಯ ಯಾವುದೂ ಇಲ್ಲ. ಆದರೂ ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲಿ, ಏನು ಬದಲಾಯಿತು ಅಂತ ನೋಡುವ ರೂಢಿ ಇಟ್ಟುಕೊಳ್ಳಿ.

ಈಗ ನೋಡಬೇಕಾದದ್ದು ಐಎಫ್‌ಆರ್‌ಎಸ್ 18. 2024ರ ಏಪ್ರಿಲ್‌ನಲ್ಲಿ ಬಂದಿದೆ, 2027ರ ಜನವರಿ 1ರಿಂದ ಶುರುವಾಗುವ ವರ್ಷಗಳಿಗೆ ಜಾರಿ, ಐಎಎಸ್ 1ರ ಜಾಗಕ್ಕೆ. ಲಾಭ-ನಷ್ಟ ಪಟ್ಟಿಯನ್ನು ಆಪರೇಟಿಂಗ್, ಇನ್ವೆಸ್ಟಿಂಗ್, ಫೈನಾನ್ಸಿಂಗ್ ಅಂತ ವಿಂಗಡಿಸಿ, ಆಪರೇಟಿಂಗ್ ಪ್ರಾಫಿಟ್ ಎಂಬ ಸಾಲನ್ನು ಕಡ್ಡಾಯ ಮಾಡುತ್ತದೆ. ಇಷ್ಟು ದಿನ ಒಂದೊಂದು ಕಂಪನಿ ಅದನ್ನು ತನಗೆ ತೋಚಿದ ಹಾಗೆ ಲೆಕ್ಕ ಹಾಕುತ್ತಿತ್ತು. ಆಡಳಿತ ಮಂಡಳಿಯೇ ಮಾಡಿಕೊಂಡು ಹೊರಗೆ ಹೇಳುವ ಲಾಭದ ಅಂಕಿಗಳಿಗೂ ಈಗ ನೋಟ್ಸ್‌ನಲ್ಲಿ ವಿವರಣೆ ಕೊಡಬೇಕು, ಅದು ಆಡಿಟ್ಟಿಗೂ ಒಳಪಡುತ್ತದೆ. ಇದಕ್ಕೆ ಎಲ್ಲ ಗುಂಪುಗಳೂ ಅಕೌಂಟ್ ಕೋಡುಗಳನ್ನು ಮತ್ತೆ ಜೋಡಿಸಬೇಕು, ಹಿಂದಿನ ವರ್ಷದ ಅಂಕಿಯನ್ನೂ ಹೊಸ ರೂಪಕ್ಕೆ ತರಬೇಕು. ಆ ಜೋಡಣೆಯ ಬಹಳಷ್ಟು ಕೆಲಸ ಬೆಂಗಳೂರಿನಂಥ ಕಡೆಯ ಕೇಂದ್ರಗಳಲ್ಲೇ ನಡೆಯುವುದು. ಹತ್ತು ವರ್ಷ ಅನುಭವದವರಿಗೂ ಇದು ಹೊಸದು. ಡಿಪ್ಲೊಮಾಕ್ಕಿಂತ ಮೊದಲು ಇದೊಂದನ್ನು ಚೆನ್ನಾಗಿ ಓದಿದರೂ ಇಂಟರ್‌ವ್ಯೂನಲ್ಲಿ ಮಾತಾಡಲು ಸಿಗುತ್ತದೆ.

ಇಂಟರ್‌ವ್ಯೂಗೆ ಹೋಗುವಾಗ ಆ 11 ತಿಂಗಳ ಕರಾರಿನ ನೋಟು ಜೊತೆಗಿರಲಿ. ಒಂದು ಪುಟ ಸಾಕು: ವಿಷಯ ಏನು, ಯಾವ ಪ್ಯಾರಾ ಅನ್ವಯ, ಎದುರು ವಾದ ಏನು, ನಿಮ್ಮ ತೀರ್ಮಾನ ಏನು. ಐಎಫ್‌ಆರ್‌ಎಸ್‌ನಲ್ಲಿ ಅನುಭವ ಇದೆಯಾ ಅಂತ ಕೇಳಿದರೆ, ಕಂಪನಿಯಲ್ಲಿ ಮಾಡಿಲ್ಲ ಅಂತ ನೇರವಾಗಿ ಹೇಳಿ, ಆ ಪುಟವನ್ನು ಮುಂದಿಡಿ.